ಬೈಪಾಸ್ ಆದಮೇಲಿನ ಪಾಠ: ಅರ್ಧ ವಾರ್ಡಿನಲ್ಲಿ, ಅರ್ಧ ಫೋನಿನಲ್ಲಿ

ಮೈಸೂರು
ಜೂನ್ 18, 2024, ಮಂಗಳವಾರ

ಹೃದಯದ ಬೈಪಾಸ್ ಆಪರೇಷನ್ ಆಗಿದ್ದ ಪಿರಿಯಾಪಟ್ಟಣ ಕಡೆಯ ರೈತರೊಬ್ಬರು ಇವತ್ತು ಡಿಸ್ಚಾರ್ಜ್ ಆದರು. ಹೊರಡುವ ದಿನ ಎಲ್ಲವನ್ನೂ ಒಟ್ಟಿಗೆ ಹೇಳಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ನಿದ್ದೆ ಇಲ್ಲ, ನೋವಿದೆ, ಮನೆ ಸೇರಿದರೆ ಸಾಕು ಅನ್ನುವ ತವಕ. ಆಗ ಹೇಳಿದ ಮಾತ್ರೆ, ಪಥ್ಯ, ವ್ಯಾಯಾಮ ತಲೆಯಲ್ಲಿ ಎಷ್ಟು ಉಳಿಯುತ್ತದೆ?

ಫಿಸಿಯೋಥೆರಪಿಸ್ಟ್ ಆಗಿ ನಾನು ನಂಬಿರುವುದು ಇಷ್ಟು: ಮೈಗೆ ಕಲಿಸಬೇಕಾದ್ದನ್ನು ಎದುರಿಗೆ ನಿಂತೇ ಕಲಿಸಬೇಕು. ದಿನಾ ನೆನಪಿಸಬೇಕಾದ್ದನ್ನು, ರೋಗಿಗಳು ಮನೆಯಲ್ಲಿ ಫೋನಿನಲ್ಲಿ ಬಳಸುವ ನಮ್ಮ ಆ್ಯಪ್‌ಗೆ ಬಿಡಬಹುದು.

ಕೆಮ್ಮುವುದನ್ನೇ ತಗೊಳ್ಳಿ. ಬೈಪಾಸ್‌ನಲ್ಲಿ ಎದೆಮೂಳೆ ಸೀಳಿ, ಆಮೇಲೆ ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಅದು ಗಟ್ಟಿಯಾಗಿ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. "ಕೆಮ್ಮಿದ್ರೆ ಎದೆ ಬಿಚ್ಕೊಬುಡ್ತದಾ ಮೇಡಂ?" ಅಂತ ಈ ರೈತರು ಕೇಳಿದ್ದರು. ಆ ಭಯಕ್ಕೆ ಕೆಮ್ಮದೇ ಇದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ದಿಂಬನ್ನು ಎದೆಗೆ ಅವಚಿಕೊಂಡು ಕೆಮ್ಮುವ ವಿಡಿಯೋ ಆ್ಯಪ್‌ನಲ್ಲೂ ಇದೆ. ಆದರೆ ಬೆನ್ನ ಮೇಲೆ ನನ್ನ ಕೈ ಇದ್ದಾಗಲೇ ಅವರು ಧೈರ್ಯವಾಗಿ ಕೆಮ್ಮಿದ್ದು. ಕೈ ಊರದೆ ಮಗ್ಗುಲಿಗೆ ಹೊರಳಿ ಏಳುವುದೂ ಹಾಗೇ. ಮಾಡಿಸಿ ನೋಡಬೇಕು.

ಆ್ಯಪ್‌ನ ಬೆಲೆ ಗೊತ್ತಾಗುವುದು ಮನೆಗೆ ಹೋದಮೇಲೆ. ಹೋದ ತಿಂಗಳು ಇನ್ನೊಬ್ಬರ ತೂಕ ಎರಡೇ ದಿನದಲ್ಲಿ 2 ಕೆಜಿ ಏರಿದ್ದು ಅದರಲ್ಲಿ ಕಂಡಿತು. ಫೋನ್ ಮಾಡಿದೆ. "ಊಟ ಚೆನ್ನಾಗಿ ಸೇರ್ತಿದೆ, ಅದಕ್ಕೇ" ಅಂದರು ಮನೆಯವರು. ಪಾದ ಒತ್ತಿ ನೋಡಿ ಅಂದೆ. ಗುಳಿ ಬೀಳುತ್ತಿತ್ತು. ಬೈಪಾಸ್‌ಗೆ ಅಂತ ರಕ್ತನಾಳ ತೆಗೆದ ಕಾಲು ಸ್ವಲ್ಪ ಊದುವುದು ಸಾಮಾನ್ಯ. ಇವರಿಗೆ ಎರಡೂ ಕಾಲು ಊದಿದ್ದವು, ಅಂದರೆ ಮೈಯಲ್ಲಿ ನೀರು ನಿಂತಿತ್ತು. ಅವತ್ತೇ ಕರೆಸಿದೆವು, ಡಾಕ್ಟರ್ ಮೈಯ ನೀರು ಮೂತ್ರದಲ್ಲಿ ಹೊರಹಾಕುವ ಮಾತ್ರೆ ಜಾಸ್ತಿ ಮಾಡಿದರು. ಆ ಅಂಕಿಯನ್ನು ಇಲ್ಲಿ ಯಾರೂ ನೋಡದಿದ್ದರೆ ಆ್ಯಪ್ ಇದ್ದೂ ಏನು ಬಂತು?

ಮನೆಯಲ್ಲೇ ಮಾಡುವ ಹೃದಯ ಪುನಶ್ಚೇತನವೂ, ಅಂದರೆ ಹೃದಯಕ್ಕೆ ಮತ್ತೆ ಬಲ ತುಂಬುವ ವ್ಯಾಯಾಮ, ತಿಳುವಳಿಕೆಯೂ, ಕೇಂದ್ರಕ್ಕೆ ಬಂದು ಮಾಡಿದಷ್ಟೇ ಫಲ ಕೊಡುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆಗಳು ಹೇಳಿವೆ. ನಮ್ಮವರಿಗೆ ಇದು ದೊಡ್ಡ ಸಮಾಧಾನ. ಪಿರಿಯಾಪಟ್ಟಣದಿಂದ ಇಲ್ಲಿಗೆ ಹೋಗಿಬರಲು ನೂರು ಕಿಲೋಮೀಟರಿಗೂ ಜಾಸ್ತಿ. ಎದೆಗೆ ಹೊಲಿಗೆ ಹಾಕಿಸಿಕೊಂಡವರು ವಾರಕ್ಕೆ ಮೂರು ಸಲ ಬಸ್ ಹತ್ತಿ ಬರುತ್ತಾರಾ?

ಇವತ್ತು ಹೊರಟ ರೈತರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವುದು ಸೊಸೆಯ ಹತ್ತಿರ. ಹಾಗಾಗಿ ಅವರನ್ನೂ ಕೂರಿಸಿಕೊಂಡು ಹೇಳಿಕೊಟ್ಟೆ, ಆಮೇಲೆ ಅವರ ಬಾಯಲ್ಲೇ ಹೇಳಿಸಿದೆ. "ನಡೆಯುವಾಗ ಮಾತಾಡಕ್ಕೆ ಆಗ್ಬೇಕು, ಹಾಡಕ್ಕೆ ಆಗಬಾರದು, ಅಷ್ಟು ಬಿರುಸಾದ್ರೆ ಸಾಕು. ತುಂಬಿದ ಬಿಂದಿಗೆ ಎತ್ತಂಗಿಲ್ಲ" ಅಂತ ಚೆನ್ನಾಗಿ ಒಪ್ಪಿಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಮಾವ ಈಗೀಗ ಯಾರ ಜೊತೆನೂ ಮಾತಾಡಲ್ಲ, ಸುಮ್ನೆ ಗೋಡೆ ನೋಡ್ತಾರೆ. ಇದನ್ನ ಎಲ್ಲಿ ತುಂಬಬೇಕು ಮೇಡಂ?"

ಬೈಪಾಸ್ ಆದವರಲ್ಲಿ ಈ ಮಂಕು ಬಹಳ ಜನರಿಗೆ ಕವಿಯುತ್ತದೆ. ನಮ್ಮ ಆ್ಯಪ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಡಾಕ್ಟರಿಗೆ ಆಗಲೇ ತಿಳಿಸಿದೆ. ಶುಕ್ರವಾರ ನಾನೇ ವಿಡಿಯೋ ಕಾಲ್ ಮಾಡಿ ಯಜಮಾನರ ಹತ್ತಿರ ಮಾತಾಡುತ್ತೇನೆ ಅಂತ ಸೊಸೆಗೆ ಹೇಳಿದ್ದೇನೆ. ಆ್ಯಪ್ ನೋಡಿಕೊಳ್ಳುವ ಹುಡುಗರಿಗೆ, ನಿದ್ದೆ ಮತ್ತು ಮನಸ್ಸಿನ ಬಗ್ಗೆ ಎರಡು ಪ್ರಶ್ನೆ ಸೇರಿಸಿ, ಓದಲು ಬಾರದವರಿಗೆ ದನಿಯಲ್ಲೂ ಕೇಳಿಸಿ ಅಂತ ಈಗಷ್ಟೇ ಬರೆದು ಕಳಿಸಿದೆ.