ಹಸಿವಿಲ್ಲದ ಮೀನಿಗೆ ಗಾಳ

ಸಾಕೈ ಸಾಲ್ಮನ್ ಕಡಲು ಬಿಟ್ಟು ಹೊಳೆ ಹತ್ತಿತೆಂದರೆ ತಿನ್ನುವುದನ್ನೇ ಬಿಡುತ್ತದೆ. ಕಡಲಲ್ಲಿದ್ದಾಗಲೂ ಅದು ದೊಡ್ಡ ಬೇಟೆಗಾರನೇನಲ್ಲ. ಕ್ರಿಲ್‌ನಂಥ ಪುಡಿ ಜೀವಿಗಳೇ ಅದರ ಮುಖ್ಯ ಆಹಾರ. ಮಾಂಸ ಅಷ್ಟು ಕೆಂಪಗಿರುವುದೂ ಅದರಿಂದಲೇ. ಮೊಟ್ಟೆಯಿಡುವ ತವಕವೊಂದನ್ನು ಬಿಟ್ಟರೆ ಬೇರೇನೂ ಬೇಡದ ಮೀನಿಗೆ ಗಾಳ ಹಾಕಿ ಕೂರುವುದು ಮೇಲ್ನೋಟಕ್ಕೆ ಹುಚ್ಚೇ ಸರಿ. ಆದರೂ ಜುಲೈ ಬಂತೆಂದರೆ ವಾಷಿಂಗ್ಟನ್ ರಾಜ್ಯದ ಬೇಕರ್ ಲೇಕ್‌ನಲ್ಲಿ ನಸುಕಿಗೇ ದೋಣಿಗಳ ಸಾಲು. ಅದು ಹೊಟ್ಟೆಗಾಗಿ ಕಚ್ಚುವುದಲ್ಲ, ರೇಗಿ ಕಚ್ಚುವುದು ಅಂತ ಇಲ್ಲಿಯ ಹಳಬರ ವಾದ.

ಆ ಶನಿವಾರ ನನ್ನ ಜೊತೆ ಬರಬೇಕಿದ್ದ ಗೆಳೆಯನ ಮಗಳಿಗೆ ಜ್ವರ. "ಒಬ್ಬನೇ ಹೋಗಿ ಎಂತ ಮಾಡ್ತಿ ಮಾರಾಯ?" ಅಂದ. ದೋಣಿ ಆಗಲೇ ಟ್ರೈಲರ್ ಏರಿ ಕೂತಿತ್ತು. ನಡುರಾತ್ರಿ ದಾಟುತ್ತಲೇ ಸಿಯಾಟಲ್ ಕಡೆಯಿಂದ ಉತ್ತರಕ್ಕೆ ಹೊರಟೆ.

ಬೇಕರ್ ಲೇಕ್ ಈಗಿನ ರೂಪಕ್ಕೆ ಬಂದದ್ದು 1959ರಲ್ಲಿ, ಬೇಕರ್ ನದಿಯ ಮೇಲಿನ ಅಣೆಕಟ್ಟು ಮುಗಿದ ಮೇಲೆ. ಅಲ್ಲಿದ್ದ ಹಳೆಯ ಚಿಕ್ಕ ಸರೋವರ ಅದರಡಿ ಮುಳುಗಿತು. ಕೆಳಗೆ ಕಾಂಕ್ರೀಟ್ ಎಂಬ ಊರಿನ ಬಳಿ 1925ರ ಇನ್ನೊಂದು ಅಣೆಕಟ್ಟು. ಇವೆರಡನ್ನೂ ಹಾರಿ ಬರುವುದು ಯಾವ ಮೀನಿಗೂ ಸಾಧ್ಯವಿಲ್ಲ. ಹಾಗಾಗಿ ಸ್ಕ್ಯಾಜಿಟ್ ನದಿಯಿಂದ ಬಂದ ಸಾಕೈಗಳನ್ನು ಕೆಳಗೇ ಹಿಡಿದು, ನೀರು ತುಂಬಿದ ಲಾರಿಯಲ್ಲಿ ಮೇಲಕ್ಕೆ ತಂದು ಬಿಡುತ್ತಾರೆ. ಇವುಗಳ ಮರಿಗಳು ಕಡಲಿಗೆ ಹೋಗುವುದೂ ಲಾರಿಯಲ್ಲೇ. 1985ರಲ್ಲಿ ಮರಳಿ ಬಂದದ್ದು ಬರೀ 99 ಮೀನು. ಈಗ ಒಳ್ಳೆಯ ವರ್ಷಗಳಲ್ಲಿ ಹತ್ತಾರು ಸಾವಿರ. ನಾವೆಲ್ಲ ಮನೆಯಿಂದ ಹೊರಡುವ ಮೊದಲು ಹವಾಮಾನಕ್ಕಿಂತ ಹೆಚ್ಚಾಗಿ ನೋಡುವುದು ಲಾರಿ ಎಷ್ಟು ಮೀನು ಸಾಗಿಸಿತು ಎಂಬ ಲೆಕ್ಕ. ಇದನ್ನು ಕಾಡುಮೀನು ಅನ್ನಬೇಕೋ ಸಾಕುಮೀನು ಅನ್ನಬೇಕೋ ಎಂಬ ಜಗಳ ನನಗೆ ಬೇಡ. ಲಾರಿ ಇಲ್ಲದಿದ್ದರೆ ಜಗಳಕ್ಕೂ ಮೀನು ಉಳಿಯುತ್ತಿರಲಿಲ್ಲ.

ದೋಣಿ ಇಳಿಸುವ ಜಾಗದಲ್ಲಿ ಒಬ್ಬರು, ಮೂಲನಿವಾಸಿ ಬುಡಕಟ್ಟುಗಳಿಗೇ ಮೀನೆಲ್ಲ ಹೋಗುತ್ತದೆಂದು ಗೊಣಗುತ್ತಿದ್ದರು. 1974ರಲ್ಲಿ ನ್ಯಾಯಾಧೀಶ ಬೋಲ್ಟ್ ಕೊಟ್ಟ ತೀರ್ಪು, ಬುಡಕಟ್ಟುಗಳು ಸರ್ಕಾರದೊಡನೆ ಮಾಡಿಕೊಂಡ ಹಳೆಯ ಒಪ್ಪಂದದ ಪ್ರಕಾರ, ಅವರಿಗೆ ಕೊಟ್ಟದ್ದು ಅರ್ಧ ಪಾಲು. ನೆಲವನ್ನೆಲ್ಲ ಬರೆದುಕೊಟ್ಟವರಿಗೆ ಅದು ಹೆಚ್ಚೇನಲ್ಲ ಅಂತ ನನ್ನ ಲೆಕ್ಕ. ಹೇಳಲು ಹೋಗಲಿಲ್ಲ, ಬೆಳಕು ಹರಿಯುತ್ತಿತ್ತು.

ಗಂಗೊಳ್ಳಿಯಲ್ಲಿ ಬೀಸುಬಲೆ ನೋಡಿ ಬೆಳೆದವನಿಗೆ ಈ ಟ್ರೋಲಿಂಗ್ ಮೊದಮೊದಲು ಮೀನುಗಾರಿಕೆ ಅಂತಲೇ ಅನಿಸುತ್ತಿರಲಿಲ್ಲ. ಗಾಳವನ್ನು ನೀರಿಗಿಳಿಸಿ ದೋಣಿಯ ಹಿಂದೆ ಎಳೆಯುತ್ತ ಹೋಗುವುದು, ಅಷ್ಟೇ. ದಾರದ ತುದಿಯ ಹತ್ತಿರ ಡಾಡ್ಜರ್ ಎಂಬ ಹೊಳೆಯುವ ಲೋಹದ ಪಟ್ಟಿ. ಅದರ ಹಿಂದೆ ಒಂದಡಿಯಷ್ಟು ದಾರ. ಕೊನೆಗೆ ಗುಲಾಬಿ ಬಣ್ಣದ ರಬ್ಬರ್ ಕುಚ್ಚು ತೊಡಿಸಿದ ಕೊಕ್ಕೆ. ಕೆಲವರು ಕುಚ್ಚೂ ಇಲ್ಲದೆ ಬರೀ ಕೆಂಪು ಕೊಕ್ಕೆ ಕಟ್ಟುತ್ತಾರೆ, ಅದಕ್ಕೂ ಬೀಳುತ್ತದೆ. ಗುಟ್ಟೆಲ್ಲ ವೇಗದಲ್ಲಿದೆ. ಗಂಟೆಗೆ ಒಂದು ಮೈಲಿ, ಅಂದರೆ ಅಜ್ಜಂದಿರ ನಡಿಗೆಗಿಂತ ನಿಧಾನ. ಆಗ ಡಾಡ್ಜರ್ ಸುತ್ತು ಹಾಕದೆ ಅತ್ತಿತ್ತ ತೊನೆಯುತ್ತದೆ, ಕುಚ್ಚು ಅದರ ಹಿಂದೆ ತಟಕ್ ತಟಕ್ ಎಂದು ಜಗ್ಗುತ್ತದೆ. ಇನ್ನೊಂದಿಷ್ಟು ವೇಗ ಕೂಡಿತೋ, ಆಟ ಕೆಟ್ಟಿತು.

ಇಬ್ಬರಿದ್ದರೆ ಒಬ್ಬ ಎಂಜಿನ್, ಒಬ್ಬ ಗಾಳ. ಒಬ್ಬನೇ ಇದ್ದಾಗ ಕೈ ಸಾಲದು. ಎಂಜಿನ್ನಿನ ಹಿಡಿಗೆ ರಬ್ಬರ್ ಹಗ್ಗ ಬಿಗಿದು ನೇರ ಮಾಡಿಟ್ಟೆ. ಗಾಳವನ್ನು ಬೇಕಾದ ಆಳಕ್ಕೆ ಇಳಿಸುವ ಡೌನ್‌ರಿಗ್ಗರಿನ ಸೀಸದ ಗುಂಡಿಗೆ ದಾರ ಸಿಕ್ಕಿಸಿ ಇಪ್ಪತ್ತಡಿಗೆ ಬಿಟ್ಟೆ. ನಸುಕಿನಲ್ಲಿ ಮೀನು ಮೇಲೇ ಇರುತ್ತದೆ, ಬಿಸಿಲೇರಿದಂತೆ ಆಳಕ್ಕೆ ಇಳಿಯುತ್ತದೆ. ಪಶ್ಚಿಮಕ್ಕೆ ಬೇಕರ್ ಪರ್ವತದ ಹಿಮ ಮೊದಲ ಬಿಸಿಲಿಗೆ ಕೆಂಪಾಯಿತು. ಎಲ್ಲ ದೋಣಿಗಳಲ್ಲೂ ಫೋನ್ ಹೊರಬಂತು. ನನ್ನ ಗಾಳ ಬಡಿದದ್ದೂ ಅದೇ ಹೊತ್ತಿಗೆ.

ಮೀನು ಕಚ್ಚಿ ಸೀಸದ ಗುಂಡಿನಿಂದ ದಾರ ಕಳಚಿದಾಗ ಬಾಗಿದ್ದ ಕೋಲು ಫಟ್ಟನೆ ನೆಟ್ಟಗಾಗುತ್ತದೆ. ದಾರ ಸಡಿಲ. ಮೀನು ಹೋಯಿತೇನೋ ಅನಿಸುತ್ತದೆ. ಹೋಗಿರುವುದಿಲ್ಲ, ದೋಣಿಯ ಕಡೆಗೇ ಬರುತ್ತಿರುತ್ತದೆ. ರೀಲ್ ತಿರುಗಿಸಿ ತಿರುಗಿಸಿ ಭಾರ ಸಿಕ್ಕ ಮೇಲೆ ಜೋರು ಎಳೆಯುವಂತಿಲ್ಲ; ಸಾಕೈ ಬಾಯಿ ಮೆದು, ಕೊಕ್ಕೆ ಹರಿದು ಬಂದುಬಿಡುತ್ತದೆ. ಎಡಗೈಯಲ್ಲಿ ಕೋಲನ್ನು ತಲೆಯ ಮೇಲಕ್ಕೆತ್ತಿ ಹಿಂದೆ ವಾಲಿದೆ, ಬಲಗೈಯಲ್ಲಿ ಕೈಬಲೆ ನೀರಿಗಿಟ್ಟೆ, ಮೊಣಕಾಲನ್ನು ದೋಣಿಯ ಅಂಚಿಗೆ ಒತ್ತಿದೆ. ಬೆಳ್ಳಿ ಬಣ್ಣದ ಪಕ್ಕೆ ಒಮ್ಮೆ ಮಿಂಚಿ ದೋಣಿಯಡಿ ನುಗ್ಗಿತು. ಎಂಜಿನ್ನಿನ ಪಂಖಕ್ಕೆ ದಾರ ಸುತ್ತದಿರಲಿ ಎಂದು ಕಾಲಿನಿಂದಲೇ ಹಿಡಿ ಒದ್ದು ತಿರುಗಿಸಿದೆ. ಮತ್ತೆ ಮೇಲೆ ಬಂದಾಗ ತಲೆ ಬಲೆಯೊಳಗಿತ್ತು. ಕಿವಿರು ಕತ್ತರಿಸಿ ರಕ್ತ ಬಿಟ್ಟು, ಹಿಡಿದ ಮೀನಿನ ಲೆಕ್ಕದ ಕಾರ್ಡಿನಲ್ಲಿ ದಾಖಲಿಸಿ, ಐಸಿಗೆ ಹಾಕಿದೆ. ಅಷ್ಟರಲ್ಲಿ ದೋಣಿ ಅರ್ಧ ವೃತ್ತ ಹೊಡೆದು ಇನ್ನೊಬ್ಬರ ದಾರಿಗೆ ಅಡ್ಡ ನಿಂತಿತ್ತು. ಅವರು ಬೈಯಲಿಲ್ಲ, ಹೆಬ್ಬೆರಳೆತ್ತಿ ಸುತ್ತಿಕೊಂಡು ಹೋದರು.

ಆಮೇಲೆ ಬಂದದ್ದು ಬುಲ್ ಟ್ರೌಟ್. ರೆಕ್ಕೆಯಂಚಿನ ಬಿಳಿ ಗೆರೆ ಕಂಡದ್ದೇ ನೀರಿನಲ್ಲೇ ಕೊಕ್ಕೆ ಬಿಡಿಸಿದೆ. ಅದು ರಕ್ಷಿತ ಜಾತಿ, ಇಟ್ಟುಕೊಳ್ಳುವಂತಿಲ್ಲ. ಬಿಸಿಲೇರುತ್ತ ಗುಂಡು ಐವತ್ತಡಿಗೆ ಇಳಿಯಿತು, ಇನ್ನೆರಡು ಸಾಕೈ ಸಿಕ್ಕವು. ಮಧ್ಯಾಹ್ನಕ್ಕೆ ಗಾಳಿ ಎದ್ದಿತು. ಗಾಳಿಯಲ್ಲಿ ಒಂದು ಮೈಲಿ ವೇಗ ಕಾಯ್ದುಕೊಳ್ಳಲು ಎರಡು ಕೈ ಸಾಲುವುದಿಲ್ಲ. ಗಾಳ ಎತ್ತಿದೆ.

ಮನೆಯಲ್ಲಿ ಮೀನು ಸೀಳುವಾಗ ಊರಿನಿಂದ ಅಮ್ಮನ ವೀಡಿಯೋ ಕರೆ. ತುಂಡಿನ ಬಣ್ಣ ನೋಡಿ, "ಮಸಾಲೆ ಆಗ್ಲೇ ಹಚ್ಚಿ ಆಯ್ತಾ ಮಗಾ?" ಅಂದಳು. ಹಚ್ಚಿರಲಿಲ್ಲ. ಉಪ್ಪು, ಲಿಂಬೆ, ಒಂಚೂರು ಬ್ಯಾಡಗಿ ಮೆಣಸಿನ ಪುಡಿ, ಬಿಸಿ ಕಾವಲಿ, ಸಾಕೈಗೆ ಇಷ್ಟೇ ಸಾಕು. ಕಾಯಿಹಾಲಿನ ಗಸಿ ಮಾಡಿದರೆ ಮೀನಿನ ರುಚಿಯೇ ತಿಳಿಯುವುದಿಲ್ಲ ಎಂದರೆ ಅಮ್ಮ ಒಪ್ಪಲಿಲ್ಲ. ಗಸಿಯಲ್ಲಿ ರುಚಿ ಕೆಡುವ ಮೀನು ಮೀನೇ ಅಲ್ಲವಂತೆ.