ಎರಡು ಇಂಚು ನೀರು ಅಂದರೆ ಎಷ್ಟು?

ಹಳೆಯ ವಿದ್ಯಾರ್ಥಿಗಳು ಕಾಲೇಜು ಸಂಚಿಕೆಗೆ ಬರೆದರೆ ಕ್ಯಾಂಟೀನು, ವಾರ್ಷಿಕೋತ್ಸವ, ಮೇಷ್ಟ್ರ ಸಿಟ್ಟು, ಇವೇ ಬರುವುದು ವಾಡಿಕೆ. ಭೂವಿಜ್ಞಾನ ಓದಿದವರಿಗೆ ಅದೆಲ್ಲಕ್ಕಿಂತ ಗಟ್ಟಿಯಾಗಿ ನೆನಪಿರುವುದು ಬಾವಿ ಗಣತಿಯ ಪ್ರಾಕ್ಟಿಕಲ್. ಕೋಲಾರದ ಸುತ್ತಲಿನ ಹಳ್ಳಿಗಳಲ್ಲಿ ಬೋರ್‌ಗಳ ನೀರಿನ ಮಟ್ಟ ಅಳೆಯುವುದು, ಇಳುವರಿ ನೋಡುವುದು, ಕ್ಯಾನಿನಲ್ಲಿ ನೀರು ತಂದು ಲ್ಯಾಬಿನಲ್ಲಿ ಪರೀಕ್ಷಿಸುವುದು. ಈಗಲೂ ಪ್ರಾಜೆಕ್ಟಿಗೆ ಇದೇ ವಿಷಯ ಹಿಡಿಯುವವರಿದ್ದಾರೆ. ಹೇಗೆ ಅಳೆದದ್ದು, ಯಾವಾಗ ಅಳೆದದ್ದು ಎಂದು ಬರೆಯದ ಅಂಕಿ ಅಂಕಿಯೇ ಅಲ್ಲ ಎಂದು ವಿಭಾಗದಲ್ಲಿ ಪಾಠ ಮಾಡುತ್ತಿದ್ದರು. ಆ ಪಾಠದ ವಿವರಗಳನ್ನು ಅವರಿಗಾಗಿ ಬರೆದಿಡುತ್ತಿದ್ದೇನೆ.

ಮೊದಲು ಕಲ್ಲು. ಜಿಲ್ಲೆಯ ಬಹುಪಾಲು ನೆಲದಡಿ ಇರುವುದು ಪೆನಿನ್ಸುಲರ್ ನೈಸ್ ಎಂಬ ಪಟ್ಟೆಪಟ್ಟೆಯ ಹಳೆಯ ಗಟ್ಟಿ ಕಲ್ಲು ಮತ್ತು ಗ್ರಾನೈಟ್. ಅದರ ನಡುವೆ ಕೆಜಿಎಫ್ ಚಿನ್ನ ಕೊಟ್ಟ ಶಿಸ್ಟ್ (ಪದರುಪದರಾದ ಕಲ್ಲು) ಪಟ್ಟಿ ಉತ್ತರ-ದಕ್ಷಿಣವಾಗಿ ಸುಮಾರು 80 ಕಿ.ಮೀ. ಹಾದುಹೋಗುತ್ತದೆ. ಈ ಕಲ್ಲುಗಳ ಹರಳುಗಳ ಮಧ್ಯೆ ನೀರಿಗೆ ಜಾಗವಿಲ್ಲ. ನೀರು ನಿಲ್ಲುವುದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಇಲ್ಲವೇ ಕೆಳಗಿನ ಗಟ್ಟಿ ಬಂಡೆಯ ಬಿರುಕುಗಳಲ್ಲಿ. ಬೋರ್ ಲಾರಿಯವರು ‘ಗ್ಯಾಪ್ ಸಿಕ್ಕಿತು’ ಎನ್ನುವುದು ಈ ಬಿರುಕಿಗೇ.

ಕೊಳೆತ ಕಲ್ಲು ಹೆಚ್ಚು ನೀರು ಹಿಡಿಯುತ್ತದೆ ಎಂದುಕೊಳ್ಳಬೇಡಿ. ಅದರಿಂದ ಬಸಿದು ಹೊರಬರುವ ನೀರು ಒಟ್ಟು ಗಾತ್ರದ 1ರಿಂದ 4 ಶೇಕಡಾ. 2 ಶೇಕಡಾ ಎಂದು ಹಿಡಿದರೆ, ಒಂದು ಹೆಕ್ಟೇರಿನಲ್ಲಿ ನೀರಿನ ಮಟ್ಟ ಒಂದು ಮೀಟರ್ ಏರಿದಾಗ ಸೇರಿದ ನೀರು 200 ಘನ ಮೀಟರ್, ಅಂದರೆ 2 ಲಕ್ಷ ಲೀಟರ್ ಅಷ್ಟೇ. ಬಯಲುಸೀಮೆಯಲ್ಲಿ ಒಂದು ಒಳ್ಳೆಯ ಮಳೆಗೆ ತೆರೆದ ಬಾವಿಯ ಮಟ್ಟ ಮೀಟರುಗಟ್ಟಲೆ ಏರುವುದಕ್ಕೂ, ಅದೇ ವೇಗದಲ್ಲಿ ಇಳಿಯುವುದಕ್ಕೂ ಇದೇ ಕಾರಣ. ಮಟ್ಟ ಏರಿತೆಂದು ಹಿಗ್ಗುವ ಮೊದಲು ಈ ಲೆಕ್ಕ ಹಾಕಿ ನೋಡಬೇಕು.

ಇನ್ನು ಇಂಚಿನ ವಿಷಯ. ‘ಎರಡು ಇಂಚು ನೀರು ಬಿತ್ತು’ ಎಂದು ಇಡೀ ಊರೇ ಮಾತಾಡಿಕೊಳ್ಳುತ್ತದೆ. ಅದು ಪೈಪಿನ ಅಳತೆಯಲ್ಲ, ಹರಿವಿಗೆ ಅಡ್ಡ ಇಡುವ, 90 ಡಿಗ್ರಿಯ ವಿ ಆಕಾರದ ಕಚ್ಚು (ವಿ-ನಾಚ್) ಇರುವ ತಗಡಿನ ಮೇಲೆ ಹರಿಯುವ ನೀರಿನ ಎತ್ತರ. ಸೆಂಟಿಮೀಟರಿನಲ್ಲಿ ಅಳೆದ ಎತ್ತರವನ್ನು ಎರಡೂವರೆ ಘಾತಕ್ಕೆ ಏರಿಸಿ 0.0138ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಲೀಟರ್ ಎಂದು ಸಿಗುತ್ತದೆ. ಲೆಕ್ಕ ಹಾಕಿ: ಒಂದು ಇಂಚಿಗೆ ಗಂಟೆಗೆ ಸುಮಾರು 510 ಲೀಟರ್. ಎರಡು ಇಂಚಿಗೆ ಅದರ ದುಪ್ಪಟ್ಟಲ್ಲ, 2,900 ಲೀಟರಿನ ಹತ್ತಿರ. ಮೂರು ಇಂಚಿಗೆ ಸುಮಾರು 8,000. ಹಾಗಾಗಿ ಎರಡಕ್ಕೂ ಎರಡೂವರೆಗೂ ‘ಅರ್ಧ ಇಂಚು ತಾನೇ’ ಎನ್ನುವಂತಿಲ್ಲ. ಆ ಅರ್ಧ ಇಂಚಿನಲ್ಲಿ ಗಂಟೆಗೆ ಎರಡು ಸಾವಿರ ಲೀಟರಿನಷ್ಟು ವ್ಯತ್ಯಾಸವಿದೆ. ಕಣ್ಣಂದಾಜಿನಲ್ಲಿ ಹೇಳುವ ಇಂಚನ್ನಂತೂ ಗಣತಿಯ ನಮೂನೆಯಲ್ಲಿ (ಫಾರಂನಲ್ಲಿ) ಬರೆಯಲೇಬಾರದು.

ತಗಡು ಇಡುವುದರಲ್ಲೂ ತಪ್ಪಾಗುತ್ತದೆ. ಸ್ಕೇಲನ್ನು ನಾಚಿನ ಬಾಯಿಗೇ ಇಟ್ಟರೆ ನೀರು ಅಲ್ಲಿ ಆಗಲೇ ಬಾಗಿ ಇಳಿಯುತ್ತಿರುವುದರಿಂದ ಅಳತೆ ಕಡಿಮೆ ಬರುತ್ತದೆ. ಎತ್ತರದ ನಾಲ್ಕು ಪಟ್ಟಾದರೂ ಹಿಂದಕ್ಕೆ ಸರಿದು ಅಳೆಯಬೇಕು. ತಗಡಿನ ಆಚೆ ನೀರು ಧುಮ್ಮಿಕ್ಕಿ ಬೀಳಬೇಕು, ತುಂಬಿಕೊಂಡು ನಿಲ್ಲಬಾರದು. ಪಂಪಿನ ನೀರು ಅಲೆಯೆಬ್ಬಿಸುತ್ತಿದ್ದರೆ ನಡುವೆ ಒಂದು ಗೋಣಿ ಅಥವಾ ಕಲ್ಲಿನ ಸಾಲು ಅಡ್ಡ ಇಟ್ಟರೆ ಸಾಕು.

ಕೊರೆದ ದಿನ ಕಂಡ ಇಂಚು ಬಾವಿಯ ಇಳುವರಿ ಅಲ್ಲವೇ ಅಲ್ಲ. ಕಂಪ್ರೆಸರ್ ಗಾಳಿ ತಳದಿಂದ ನೀರನ್ನು ಎತ್ತಿ ಎಸೆಯುತ್ತದೆ, ಜೊತೆಗೆ ಬೋರಿನಲ್ಲೇ ನಿಂತ ನೀರೂ ಬರುತ್ತದೆ. ಆರೂವರೆ ಇಂಚಿನ ಬೋರಿನಲ್ಲಿ ಪ್ರತಿ ಮೀಟರಿಗೆ 21 ಲೀಟರಿಗಿಂತ ತುಸು ಹೆಚ್ಚು ನೀರು ಹಿಡಿಯುತ್ತದೆ. 300 ಮೀಟರ್ ನೀರು ತುಂಬಿ ನಿಂತಿದ್ದರೆ ಆರು ಸಾವಿರ ಲೀಟರಿಗೂ ಮಿಕ್ಕಿ. ಸೆಕೆಂಡಿಗೆ ಒಂದು ಲೀಟರಿನ ಪಂಪು ಅದನ್ನು ಖಾಲಿ ಮಾಡಲು ಗಂಟೆ ಮುಕ್ಕಾಲು ಬೇಕು. ಅಷ್ಟು ಹೊತ್ತು ಬಂಡೆಯಿಂದ ಹನಿಯೂ ಬಾರದಿದ್ದರೂ ಪೈಪಿನಲ್ಲಿ ನೀರು ಬರುತ್ತಲೇ ಇರುತ್ತದೆ. ಅರ್ಧ ಗಂಟೆ ಪಂಪು ಓಡಿಸಿ ‘ಒಳ್ಳೆ ಬೋರು’ ಎಂದು ಬರೆದುಕೊಂಡು ಬಂದ ನಮೂನೆಗಳನ್ನು ವಿಭಾಗದಲ್ಲಿ ಒಪ್ಪುತ್ತಿರಲಿಲ್ಲ. ತೆಂಗಿನಕಾಯಿ ಹಿಡಿದು ಪಾಯಿಂಟ್ ಹೇಳುವವರ ಹೆಸರು ಉಳಿದಿರುವುದರಲ್ಲಿ ಈ ಮೊದಲ ಗಂಟೆಯ ನೀರಿನ ಪಾಲೂ ಇದೆ ಎಂಬುದು ನನ್ನ ಎಣಿಕೆ.

ಸರಿಯಾದ ಪಂಪಿಂಗ್ ಪರೀಕ್ಷೆಯಲ್ಲಿ ಹರಿವನ್ನು ಒಂದೇ ಸಮ ಇಟ್ಟುಕೊಂಡು, ಮೊದಲ ಹತ್ತು ನಿಮಿಷ ಪ್ರತಿ ನಿಮಿಷಕ್ಕೆ, ಆಮೇಲೆ ಅಂತರ ಹೆಚ್ಚಿಸುತ್ತಾ ಮಟ್ಟ ಬರೆಯಬೇಕು. ಸೆಮಿ-ಲಾಗ್ ಹಾಳೆಯಲ್ಲಿ ಒಂದು ಲಾಗ್ ಆವರ್ತಕ್ಕೆ, ಅಂದರೆ ಕಾಲ ಹತ್ತು ಪಟ್ಟಾಗುವಷ್ಟರಲ್ಲಿ, ಮಟ್ಟ ಎಷ್ಟು ಮೀಟರ್ ಇಳಿಯಿತು ಎಂದು ನೋಡಿ, ದಿನದ ಹರಿವನ್ನು 0.183ರಿಂದ ಗುಣಿಸಿ ಆ ಇಳಿತದಿಂದ ಭಾಗಿಸುವುದು ಕೂಪರ್ ಮತ್ತು ಜೇಕಬ್ 1946ರಲ್ಲಿ ಕೊಟ್ಟ ವಿಧಾನ. ದಿನಕ್ಕೆ 86.4 ಘನ ಮೀಟರ್ ಹರಿವು, 4 ಮೀಟರ್ ಇಳಿತ ಇದ್ದರೆ ವಾಹಕತೆ (ಕಲ್ಲು ನೀರನ್ನು ಎಷ್ಟು ಸಲೀಸಾಗಿ ಹರಿಯಬಿಡುತ್ತದೆ ಎಂಬ ಅಳತೆ) ದಿನಕ್ಕೆ ಸುಮಾರು 4 ಚದರ ಮೀಟರ್. ಬೋರಿನಲ್ಲಿ ನಿಂತ ನೀರು ಮುಗಿಯುವವರೆಗಿನ ಬಿಂದುಗಳನ್ನು ಈ ಗೆರೆಗೆ ಸೇರಿಸಬಾರದು. ನಡುವೆ ಗೆರೆ ಏಕಾಏಕಿ ಕಡಿದಾಗಿ ಇಳಿದರೆ ಉಪಕರಣ ಕೆಟ್ಟಿತೆಂದು ಅಳಿಸಬೇಡಿ. ನೀರಿನ ಮಟ್ಟ ಒಂದು ಬಿರುಕಿನ ಕೆಳಗೆ ಇಳಿದಾಗ ಹಾಗಾಗುತ್ತದೆ, ಪಂಪನ್ನು ಎಷ್ಟು ಹೊತ್ತು ಓಡಿಸಬಹುದು ಎಂದು ರೈತರಿಗೆ ಹೇಳಲು ಅದೇ ಆಧಾರ. ಕರೆಂಟು ಹೋದರೆ ಪರೀಕ್ಷೆ ಪೂರ್ತಿ ಹಾಳಾಗಲಿಲ್ಲ, ಮಟ್ಟ ಏರುವುದನ್ನು ಬರೆದುಕೊಳ್ಳುತ್ತಾ ಹೋಗಬೇಕು.

ಮಟ್ಟ ಅಳೆಯುವಾಗ ತ್ರೀ ಫೇಸ್ ಕರೆಂಟಿನ ವೇಳೆ ಮೊದಲು ಕೇಳಿ. ಪಂಪು ಈಗಷ್ಟೇ ನಿಂತಿದ್ದರೆ ಸಿಗುವುದು ಸ್ಥಿರ ಮಟ್ಟವಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆದು, ವ್ಯತ್ಯಾಸವಿದ್ದರೆ ‘ಏರುತ್ತಿದೆ’ ಎಂದೇ ನಮೂದಿಸಿ. ಪಕ್ಕದ ಹೊಲದ ಪಂಪು ಓಡುತ್ತಿದ್ದರೆ ಅದನ್ನೂ ಬರೆಯಿರಿ. ಮಟ್ಟ ಅಳೆಯಲು ಬೋರಿಗೆ ಇಳಿಬಿಡುವ ವಿದ್ಯುತ್ ಟೇಪು ಮೇಲಿನ ಬಿರುಕಿನಿಂದ ಗೋಡೆಗುಂಟ ಸುರಿಯುವ ನೀರು ತಾಗಿದರೂ ಕೂಗುತ್ತದೆ. ಒಂದಡಿ ಮೇಲೆ ಕೆಳಗೆ ಆಡಿಸಿದರೆ ನಿಜವಾದ ಮಟ್ಟದಲ್ಲಿ ಪ್ರತಿ ಸಲವೂ ಅದೇ ಗುರುತಿಗೆ ಸದ್ದು ಬರುತ್ತದೆ. ಟೇಪು ಪಂಪಿನ ಕೇಬಲ್ಲಿಗೆ ಸುತ್ತಿಕೊಂಡರೆ ಬಿಡಿಸುವುದು ಕಷ್ಟ. ಹೊಸದಾಗಿ ಮೋಟರ್ ಇಳಿಸುವಾಗಲೇ ಜೊತೆಗೊಂದು ಸಣ್ಣ ಪಿವಿಸಿ ಪೈಪು ಇಳಿಸಲು ಹೇಳುವುದು ಒಳ್ಳೆಯದು.

ಪ್ರಾಜೆಕ್ಟ್ ವರದಿಗಳಲ್ಲಿ ಕಾಣುವ ದೊಡ್ಡ ದೋಷವೆಂದರೆ ತೆರೆದ ಬಾವಿಯ ಮಟ್ಟವನ್ನೂ ಬೋರಿನ ಮಟ್ಟವನ್ನೂ ಸೇರಿಸಿ ಒಂದೇ ನಕ್ಷೆ ಎಳೆಯುವುದು. ಕೇಸಿಂಗ್ ಪೈಪು ಕೊಳೆತ ಕಲ್ಲಿನ ಪದರವನ್ನು ಮುಚ್ಚಿಬಿಡುವುದರಿಂದ ಬೋರಿನ ಮಟ್ಟ ಆಳದ ಬಿರುಕುಗಳದ್ದು, ತೆರೆದ ಬಾವಿಯದ್ದು ಮೇಲಿನ ಪದರದ್ದು. ಎರಡು ಬೇರೆ ನೀರುಗಳು, ಎರಡು ಬೇರೆ ನಕ್ಷೆಗಳು. ಕಪ್ಪು ಉರುಟು ಗುಂಡುಗಳು ಸಾಲಾಗಿ ಕಂಡರೆ ಅಲ್ಲಿ ಡಾಲರೈಟ್ ಡೈಕ್ (ಹಳೆಯ ಕಲ್ಲನ್ನು ಸೀಳಿ ಗೋಡೆಯಂತೆ ನಿಂತ ಕಪ್ಪು ಕಲ್ಲು) ಇದೆ ಎಂದು ಗುರುತು ಹಾಕಿ. ಅನೇಕ ಕಡೆ ಅದು ಭೂಗತ ಅಡ್ಡಗೋಡೆ, ಅದರ ಎರಡು ಬದಿಯ ಮಟ್ಟಗಳನ್ನು ಒಂದೇ ಗೆರೆಯಲ್ಲಿ ಸೇರಿಸಬಾರದು.

ನಮ್ಮ ಕಡೆಯ ನೀರಿನಲ್ಲಿರುವ ಫ್ಲೋರೈಡ್ ಕಾರ್ಖಾನೆಯಿಂದ ಬಂದದ್ದಲ್ಲ. ಬಯೊಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್ ಖನಿಜಗಳಿಂದ ಕರಗಿ ಬರುತ್ತದೆ. ಆಳದ ನೀರು ಕಲ್ಲಿನೊಡನೆ ಹೆಚ್ಚು ಕಾಲ ಇದ್ದು ಕ್ಷಾರೀಯವಾಗಿ, ಫ್ಲೋರೈಡನ್ನು ಹಿಡಿದಿಡುವ ಕ್ಯಾಲ್ಸಿಯಂ ಕ್ಯಾಲ್ಸೈಟಾಗಿ (ಸುಣ್ಣದ ಖನಿಜವಾಗಿ) ಹೊರಬಿದ್ದ ಮೇಲೆ ಫ್ಲೋರೈಡನ್ನು ತಡೆಯುವವರಿಲ್ಲ. ಹಾಗಾಗಿ ಗಡಸುತನ ಕಡಿಮೆ, ಸೋಡಿಯಂ ಹೆಚ್ಚು ಇರುವ ‘ಮೆತ್ತನೆ’ ನೀರನ್ನೇ ಮೊದಲು ಅನುಮಾನಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಮಿತಿ ಲೀಟರಿಗೆ 1 ಮಿ.ಗ್ರಾಂ., ಬೇರೆ ಮೂಲವಿಲ್ಲದಿದ್ದರೆ 1.5.

ಮಾದರಿ ತೆಗೆಯುವ ಮೊದಲು ವಿದ್ಯುದ್ವಾಹಕತೆ ಮತ್ತು ಉಷ್ಣತೆ ಸ್ಥಿರವಾಗುವವರೆಗೆ ನೀರು ಹರಿಯಬಿಡಿ. ಪಿಎಚ್ ಅನ್ನು ಬಾವಿಯ ಬಳಿಯೇ ನೋಡಿ. ಲ್ಯಾಬಿಗೆ ಬರುವಷ್ಟರಲ್ಲಿ ಇಂಗಾಲದ ಡೈಆಕ್ಸೈಡ್ ಹಾರಿ ಪಿಎಚ್ ಏರಿರುತ್ತದೆ, ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ. ಫ್ಲೋರೈಡಿಗೆ ಗಾಜಿನ ಸೀಸೆ ಬೇಡ, ಪಾಲಿಥಿನ್ ಕ್ಯಾನು. ಸ್ಪ್ಯಾಂಡ್ಸ್ ಎಂಬ ಬಣ್ಣದ ದ್ರಾವಣದ ವಿಧಾನದಲ್ಲಿ 50 ಮಿ.ಲೀ. ಮಾದರಿಗೆ 10 ಮಿ.ಲೀ. ದ್ರಾವಣ ಹಾಕಿ, ಬಣ್ಣ ಎಷ್ಟು ಮಾಸಿತು ಎಂದು 570 ನ್ಯಾನೊಮೀಟರ್ ಬೆಳಕಿನಲ್ಲಿ ಓದುತ್ತೇವೆ. ದ್ರಾವಣವೇ ಬಣ್ಣದ್ದಾದ್ದರಿಂದ ಪಿಪೆಟ್ ಅರ್ಧ ಮಿ.ಲೀ. ಹೆಚ್ಚುಕಮ್ಮಿಯಾದರೂ ಫಲಿತಾಂಶ ಕೆಡುತ್ತದೆ. ಈ ವಿಧಾನದ ಮಿತಿಯಾದ 1.4 ಮಿ.ಗ್ರಾಂ. ದಾಟಿದ ಮಾದರಿಯನ್ನು ಶುದ್ಧ ನೀರಿನಿಂದ ತೆಳುಮಾಡಿ ಮತ್ತೆ ಓದಬೇಕು. ಕೊನೆಗೆ ಧನ ಮತ್ತು ಋಣ ಅಯಾನುಗಳ ಮೊತ್ತ ಮಿಲಿ-ಈಕ್ವಿವಲೆಂಟಿನಲ್ಲಿ (ವಿದ್ಯುದಂಶದ ಲೆಕ್ಕದಲ್ಲಿ) 5 ಶೇಕಡಾದೊಳಗೆ ತಾಳೆಯಾಗದಿದ್ದರೆ ಇಡೀ ಸಾಲನ್ನು ಮರುಪರೀಕ್ಷೆಗೆ ಹಾಕಿ.

2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಈ ಗಣತಿಯ ಕೆಲಸ ಬದಲಾಗಿದೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿದ ನೀರು ಕೆರೆಯಿಂದ ಕೆರೆಗೆ ಕೋಡಿ ಬಿದ್ದು ಹೋಗುತ್ತದೆ. ಕೆರೆಯ ಕೆಳಗಿನ ಬಾವಿಯಲ್ಲಿ ಮಟ್ಟ ಏರಿದರೆ ಅದು ಮಳೆಯದೋ ಕೆರೆಯದೋ? ಕೆರೆಗಿಂತ ಮೇಲ್ಭಾಗದ, ಈ ನೀರು ತಲುಪದ ಬಾವಿಯೊಂದನ್ನು ಹೋಲಿಕೆಗೆ ಇಟ್ಟುಕೊಳ್ಳದೆ ಉತ್ತರವಿಲ್ಲ. ಕ್ಲೋರೈಡ್ ಮಣ್ಣಿಗೆ ಅಂಟದೆ ನೀರಿನೊಡನೆ ಸಾಗುವುದರಿಂದ ಜಾಡು ಹಿಡಿಯಲು ಅನುಕೂಲ, ಆದರೆ ಆವಿಯಾದ ಮಳೆನೀರಿನಲ್ಲೂ ಅದು ಏರುತ್ತದೆ. ಆಮ್ಲಜನಕ-18ರ (ಆಮ್ಲಜನಕದ ಭಾರವಾದ ರೂಪ) ಪರೀಕ್ಷೆ ನೀರು ಕೆರೆಯಲ್ಲಿ ನಿಂತು ಆವಿಯಾಗಿದೆಯೇ ಎಂದು ಹೇಳುತ್ತದೆ, ಯಾವ ಊರಿನ ನೀರು ಎಂದು ಹೇಳುವುದಿಲ್ಲ. ಎರಡನ್ನೂ ಜೊತೆಗಿಟ್ಟು, ನೈಟ್ರೇಟನ್ನು 45 ಮಿ.ಗ್ರಾಂ. ಮಿತಿಯೊಡನೆ ಹೋಲಿಸಿ, ಜನವರಿ, ಮೇ, ಆಗಸ್ಟ್, ನವೆಂಬರ್ ನಾಲ್ಕೂ ಸುತ್ತು ಅದೇ ಬಾವಿಗಳಿಗೆ ಹೋಗಬೇಕು.