ಅಪ್ಪನ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ ಭಾನುವಾರ

ಅಪ್ಪನಿಗೆ ಲ್ಯಾಪ್‌ಟಾಪ್ ಬೇಕಿರುವುದು ಕನ್ನಡ ಟೈಪ್ ಮಾಡೋದಕ್ಕೆ, ಅಷ್ಟೇ. ಸಂಘದ ಸಭೆಯ ವರದಿ, ಊರಿಗೆ ಪತ್ರ, ರೈಲ್ವೆಯಲ್ಲಿದ್ದ ದಿನಗಳ ನೆನಪು. ಎಲ್ಲ 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಈ ಹಳೇ ಯಂತ್ರದಲ್ಲಿ ಅದಿಲ್ಲ. ಹೊಸದು ತಗೊಳ್ಳೋಣ ಅಂದೆ. "ಇದಕ್ಕೇನಾಗಿದೆ ಮಗಳೇ? ಕೀ ಎಲ್ಲ ಸರಿಯಾಗೇ ಒತ್ತುತ್ತವಲ್ಲ" ಅಂದರು. ಹೌದಲ್ವಾ ಅನಿಸಿತು. ವಿಂಡೋಸ್ ಬದಲು, ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಅನ್ನೋ ಕಾರ್ಯಾಚರಣಾ ವ್ಯವಸ್ಥೆ ಹಾಕೋಣ ಅಂತ ತೀರ್ಮಾನಿಸಿದೆ. 4 ಜಿಬಿ ರ‍್ಯಾಮ್ ಇರುವುದರಿಂದ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ.

ಶನಿವಾರ ಡೊಂಬಿವಲಿಗೆ ವಾಪಸ್ ಬರುವ ಮೊದಲು ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ 16 ಜಿಬಿ ಪೆನ್‌ಡ್ರೈವ್ ಕೊಂಡೆ. ಇಡೀ ಮಿಂಟ್ ಒಳಗೊಂಡಿರುವ ಐಎಸ್ಒ ಫೈಲನ್ನು ಅದಕ್ಕೆ ಹಾಗೇ ಕಾಪಿ ಮಾಡಿದೆ. ಲ್ಯಾಪ್‌ಟಾಪ್ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಸುಮ್ನೆ ಕಾಪಿ ಮಾಡಿದರೆ ಅದೊಂದು ಫೈಲ್ ಅಷ್ಟೇ, ಅದರಿಂದ ಲ್ಯಾಪ್‌ಟಾಪ್ ಶುರು (ಬೂಟ್) ಆಗಲ್ಲ. ಒಳಗಿರುವುದನ್ನು ರೂಫಸ್‌ನಂಥ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಬೇಕು. ಆಗ ಅದರಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

ಸ್ವಿಚ್ ಒತ್ತಿದ ಕೂಡಲೇ ಎಫ್12 ಒತ್ತುತ್ತಾ ಹೋದೆ. ಕೆಲವು ಕಂಪನಿಗಳ ಯಂತ್ರಗಳಲ್ಲಿ ಎಫ್9, ಇಲ್ಲವೇ ಎಸ್ಕೇಪ್. ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿದೆ, ಮಿಂಟ್ ತೆರೆಯಿತು. ಹಾರ್ಡ್‌ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಈ ಹಂತವನ್ನು ಯಾರೂ ಬಿಡಬೇಡಿ. ವೈಫೈ ಹತ್ತಿತು, ಸೌಂಡ್ ಬಂತು. ಆದರೆ ನನಗೆ ಭಯ ಇದ್ದದ್ದು ಒಂದರದ್ದೇ.

ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ 'ಕನ್ನಡ, ಕಗಪ' ಸೇರಿಸಿದೆ. ನುಡಿಯಲ್ಲಿರೋ ಕೀಲಿಮಣೆ ವಿನ್ಯಾಸವೇ ಇದು. ಅಪ್ಪನನ್ನು ಕರೆದು ಕೂರಿಸಿದೆ. ಕನ್ನಡಕ ಏರಿಸಿಕೊಂಡು, ಎಡಗೈ ತೋರುಬೆರಳನ್ನು ಎಫ್ ಮೇಲೆ ಇಟ್ಟೇ ಕೂತರು. ಒತ್ತಕ್ಷರಕ್ಕೆ ಅವರ ಬೆರಳು ಇಪ್ಪತ್ತು ವರ್ಷದಿಂದ ಹೋಗೋದು ಅಲ್ಲಿಗೇ. ಎಂ, ಎಫ್, ಎಂ. ಪರದೆಯ ಮೇಲೆ 'ಮ್ಮ' ಬಂತು. "ಬಂತಲ್ಲಾ!" ಅಂದರು. ನನ್ನ ಗಂಟಲು ಕಟ್ಟಿತು.

ಆಮೇಲೆ ಅವರ ಫೈಲುಗಳನ್ನೆಲ್ಲ ಇನ್ನೊಂದು ಡ್ರೈವ್‌ಗೆ ಹಾಕಿ, ಎರಡೆರಡು ಸಲ ತೆರೆದು ನೋಡಿದೆ. 'ಎರೇಸ್ ಡಿಸ್ಕ್' ಒತ್ತಿದ ಮೇಲೆ ಹಿಂದೆ ಹೋಗೋಕಾಗಲ್ಲ. ಇನ್‌ಸ್ಟಾಲ್ ಮುಗಿಯುವಷ್ಟರಲ್ಲಿ ಅಮ್ಮ ಚಹಾ ತಂದರು.

ಒಂದು ಕೆಲಸ ಬಾಕಿ ಇದೆ. ಅಪ್ಪನ ಹಳೇ ನುಡಿ ಫೈಲುಗಳು, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ ಯುನಿಕೋಡ್‌ನಲ್ಲಿಲ್ಲ. ನುಡಿಯ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ದಿನಕ್ಕೆ ಹತ್ತರಂತೆ ಯುನಿಕೋಡ್‌ಗೆ ಬದಲಾಯಿಸುತ್ತಿದ್ದೇನೆ. ನಿನ್ನೆ ಸಿಕ್ಕಿದ್ದು ನಾನು ಹುಟ್ಟಿದ ದಿನದ ಬಗ್ಗೆ ಅವರು ಬರೆದಿಟ್ಟಿದ್ದ ಅರ್ಧ ಪುಟ.